ಹಾರದ ಹಕ್ಕಿ, ಹಾರದ ಹುಳು

ಮಕ್ಕಳೇ, ಈ ಸಲ ಒಂದು ಹಕ್ಕಿಯನ್ನೂ ಒಂದು ಕೀಟವನ್ನೂ ಅಕ್ಕಪಕ್ಕ ಕೂರಿಸಿ ನೋಡೋಣ. ಎರಡರದೂ ಒಂದೇ ಊರು. ಎರಡಕ್ಕೂ ಹಾರಲು ಬರುವುದಿಲ್ಲ. ಎರಡೂ ಈ ಭೂಮಿಯಿಂದ ಅಳಿದೇಹೋಗುವಷ್ಟು ಕಷ್ಟಕ್ಕೆ ಸಿಕ್ಕಿದವು. ಆದರೆ ಹಕ್ಕಿಯ ಕಷ್ಟವೇ ಬೇರೆ, ಹುಳುವಿನ ಕಷ್ಟವೇ ಬೇರೆ. ಅವುಗಳನ್ನು ಉಳಿಸಲು ಜನ ಪಟ್ಟ ಪಾಡೂ ಬೇರೆ ಬೇರೆ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಎಷ್ಟೋ ವಿಜ್ಞಾನ ತಾನಾಗಿಯೇ ಕೈಗೆ ಸಿಗುತ್ತದೆ.

ಮೊದಲು ಅವುಗಳ ಊರು ನೋಡೋಣ. ಭೂಪಟದಲ್ಲಿ ಆಸ್ಟ್ರೇಲಿಯಾದ ಪೂರ್ವದ ಕರಾವಳಿಯ ಮೇಲೆ ಬೆರಳಿಡಿ. ಅಲ್ಲಿಂದ ಸಮುದ್ರದ ಕಡೆಗೆ ಸುಮಾರು 600 ಕಿಲೋಮೀಟರ್ ಹೋದರೆ ಲಾರ್ಡ್ ಹೌ ಎಂಬ ದ್ವೀಪ ಸಿಗುತ್ತದೆ. ಹೆಚ್ಚಿನ ಭೂಪಟಗಳಲ್ಲಿ ಅದು ಒಂದು ಚುಕ್ಕಿ ಮಾತ್ರ. ಉದ್ದ 10–11 ಕಿಲೋಮೀಟರ್, ಅಗಲ ಒಂದೆರಡು ಕಿಲೋಮೀಟರ್. ಸುಮಾರು 70 ಲಕ್ಷ ವರ್ಷಗಳ ಹಿಂದೆ ಸಮುದ್ರದ ಒಳಗಿಂದ ಎದ್ದ ಜ್ವಾಲಾಮುಖಿಯೊಂದರಲ್ಲಿ ಅಲೆಗಳು ಕೊರೆದು ಬಿಟ್ಟಷ್ಟು ಉಳಿದಿದೆ. ದಕ್ಷಿಣದ ತುದಿಯಲ್ಲಿ ಎರಡು ಬೆಟ್ಟಗಳಿವೆ: ಮೌಂಟ್ ಗೌವರ್ 875 ಮೀಟರ್, ಮೌಂಟ್ ಲಿಡ್ಜ್‌ಬರ್ಡ್ 777 ಮೀಟರ್. ಬೆಟ್ಟದ ಬದಿಗಳು ನೆಟ್ಟಗೆ ಗೋಡೆ ಕಟ್ಟಿದ ಹಾಗಿವೆ. ಈ ಗೋಡೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1788ರವರೆಗೆ ಆ ದ್ವೀಪದಲ್ಲಿ ಮನುಷ್ಯರ ವಾಸ ಇರಲಿಲ್ಲ. ಬಾವಲಿಗಳನ್ನು ಬಿಟ್ಟರೆ ಹಾಲೂಡುವ ಯಾವ ಪ್ರಾಣಿಯೂ ಅಲ್ಲಿ ನೆಲೆಸಿರಲಿಲ್ಲ. ಬೆಕ್ಕಿಲ್ಲ, ನಾಯಿಯಿಲ್ಲ, ನರಿಯಿಲ್ಲ, ಮುಂಗುಸಿಯಿಲ್ಲ, ಇಲಿಯೂ ಇಲ್ಲ. ನೆಲದ ಮೇಲೆ ಓಡಿ ಬಂದು ಹಿಡಿಯುವವರೇ ಇಲ್ಲದ ನಾಡು ಅದು.

ಅಂಥ ಕಡೆ ಹಕ್ಕಿಗೆ ರೆಕ್ಕೆ ಯಾಕೆ ಬೇಕು? ಹಾರುವುದು ತುಂಬ ದುಬಾರಿಯ ಕೆಲಸ. ಎದೆಯ ದೊಡ್ಡ ಸ್ನಾಯುಗಳನ್ನು ಬೆಳೆಸಬೇಕು, ಅವಕ್ಕೆ ದಿನವೂ ಆಹಾರ ಒದಗಿಸಬೇಕು. ಹಾರಿ ತಪ್ಪಿಸಿಕೊಳ್ಳುವ ಅಗತ್ಯವೇ ಇಲ್ಲದ ಕಡೆ, ಸ್ವಲ್ಪ ಚಿಕ್ಕ ರೆಕ್ಕೆಯೊಂದಿಗೆ ಹುಟ್ಟಿದ ಮರಿಗೆ ಯಾವ ನಷ್ಟವೂ ಇಲ್ಲ. ಬದಲಿಗೆ ಆ ಉಳಿತಾಯ ಮೊಟ್ಟೆಗೋ ಮೈಗೋ ಆಗುತ್ತದೆ. ಹೀಗೆ ತಲೆಮಾರುಗಳ ಮೇಲೆ ತಲೆಮಾರು ಕಳೆದು, ಹಾರಿ ಬಂದ ಹಕ್ಕಿಯ ವಂಶದಲ್ಲಿ ಹಾರಲಾರದ ಹಕ್ಕಿ ಆಗುತ್ತದೆ. ಲಾರ್ಡ್ ಹೌ ದ್ವೀಪದ ವುಡ್‌ಹೆನ್ ಹಾಗೆ ಆದದ್ದು.

ವುಡ್‌ಹೆನ್ ಕಂದು ಬಣ್ಣದ, ಗಟ್ಟಿ ಕಾಲಿನ, ಉದ್ದ ಕೊಕ್ಕಿನ ಹಕ್ಕಿ. ತೂಕ ಸುಮಾರು ಅರ್ಧ ಕಿಲೋ. ನಮ್ಮ ಕೆರೆಯಂಚಿನ ಜೊಂಡಿನಲ್ಲಿ, ಗದ್ದೆಯ ಬದಿಯಲ್ಲಿ ಮುಖ ಎದೆ ಬೆಳ್ಳಗಿರುವ ಹುಂಡುಕೋಳಿ ಪುಟ್ಟ ಬಾಲ ಕುಣಿಸುತ್ತ ಓಡಾಡುವುದನ್ನು ನೀವು ನೋಡಿರಬಹುದು. ಅದೂ ವುಡ್‌ಹೆನ್ನೂ ಒಂದೇ ಕುಟುಂಬಕ್ಕೆ ಸೇರಿದವು. ಹುಂಡುಕೋಳಿ ಮನುಷ್ಯರನ್ನು ಕಂಡರೆ ಸಂದಿಯೊಳಗೆ ನುಸುಳುತ್ತದೆ. ವುಡ್‌ಹೆನ್ ಹಾಗಲ್ಲ. ವಿಚಿತ್ರ ಸದ್ದು ಕೇಳಿಸಿದರೆ ಅದು ಏನೆಂದು ನೋಡಲು ಓಡಿ ಬರುತ್ತದೆ! ಹೆದರಿದ ಹಕ್ಕಿಗೆ ಹೆಚ್ಚು ಲಾಭ, ಹೆದರದ ಹಕ್ಕಿಗೆ ಸಾವು ಎಂಬ ಪಾಠ ಆ ದ್ವೀಪದಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕಾಡಿನ ತರಗೆಲೆ ಕೆದಕಿ ಎರೆಹುಳು, ಕೀಟ, ಬಿದ್ದ ಹಣ್ಣು ತಿಂದುಕೊಂಡು, ಜೋಡಿ ಜೋಡಿಯಾಗಿ ತಮ್ಮ ತಮ್ಮ ಎಲ್ಲೆ ಕಾಯ್ದುಕೊಂಡು ಅವು ಇದ್ದವು.

ಅದೇ ಕಾಡಿನಲ್ಲಿ, ರಾತ್ರಿಯಾದರೆ ಇನ್ನೊಬ್ಬರು ಹೊರಗೆ ಬರುತ್ತಿದ್ದರು.

ಕಡ್ಡಿಹುಳು ನಿಮಗೆ ಗೊತ್ತು. ಬೇಲಿ ಗಿಡದಲ್ಲಿ ಒಣಗಿದ ಕಡ್ಡಿಯ ವೇಷ ಹಾಕಿಕೊಂಡು ಅಲ್ಲಾಡದೆ ಕೂತಿರುತ್ತದಲ್ಲ, ಅದೇ. ಆದರೆ ಲಾರ್ಡ್ ಹೌ ದ್ವೀಪದ ಕಡ್ಡಿಹುಳು ಕಡ್ಡಿಯಂತೆ ಸಣಕಲಲ್ಲ. ನಿಮ್ಮ ಕಂಪಾಸ್ ಬಾಕ್ಸಿನಲ್ಲಿ 15 ಸೆಂಟಿಮೀಟರಿನ ಸ್ಕೇಲು ಇದೆಯಲ್ಲ, ದೊಡ್ಡ ಹೆಣ್ಣು ಹುಳು ಹೆಚ್ಚುಕಡಿಮೆ ಅಷ್ಟುದ್ದ. ತೂಕ ಸುಮಾರು 25 ಗ್ರಾಂ. ಮೈ ಹೊಳೆಯುವ ಕಪ್ಪು, ಗಟ್ಟಿ ಕವಚ, ಆರು ದಪ್ಪ ಕಾಲು. ಗಂಡಿನ ಹಿಂಗಾಲಿನ ತೊಡೆಯ ಮೇಲೆ ಮುಳ್ಳುಗಳು. ರೆಕ್ಕೆ ಇಲ್ಲವೇ ಇಲ್ಲ. ಹಗಲೆಲ್ಲ ಮರದ ಪೊಟರೆಯಲ್ಲಿ ಹತ್ತಾರು ಒಟ್ಟಿಗೆ ಒತ್ತಿಕೊಂಡು ಮಲಗುತ್ತಿದ್ದವು. ಕತ್ತಲಾದ ಮೇಲೆ ಎಲೆ ತಿನ್ನಲು ಹೊರಡುತ್ತಿದ್ದವು. ಆ ದ್ವೀಪದ ಜನ ಇದನ್ನು ‘ನೆಲದ ಲಾಬ್‌ಸ್ಟರ್’ ಎಂದು ಕರೆದು, ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಅಷ್ಟು ಧಾರಾಳವಾಗಿ ಸಿಗುತ್ತಿತ್ತು.

ಹಕ್ಕಿಗೆ ಮೊದಲು ಆಪತ್ತು ಬಂತು. 1788ರಲ್ಲಿ ಬ್ರಿಟಿಷರ ಹಡಗೊಂದು ಆ ದ್ವೀಪವನ್ನು ಕಂಡಿತು. ಆಮೇಲೆ ಆ ಸಮುದ್ರದಲ್ಲಿ ಓಡಾಡುವ ಹಡಗುಗಳೆಲ್ಲ ಅಲ್ಲಿ ನೀರು, ಸೌದೆ, ಮಾಂಸಕ್ಕಾಗಿ ನಿಲ್ಲತೊಡಗಿದವು. ಹೆದರಿಕೆಯೇ ಗೊತ್ತಿಲ್ಲದ ಹಕ್ಕಿಗಳನ್ನು ನಾವಿಕರು ಕೋಲಿನಿಂದ ಹೊಡೆದು ಹಾಕಿದರು. ಬಿಳಿ ಗರಿಯ ಒಂದು ದೊಡ್ಡ ನೀರುಕೋಳಿ ಹಾಗೆಯೇ ಅಳಿದುಹೋಯಿತು. ಆ ಸುಂದರ ಹಕ್ಕಿ ಈಗ ಹಳೆಯ ಚಿತ್ರಗಳಲ್ಲಿ, ಮ್ಯೂಸಿಯಂನಲ್ಲಿ ಮಾತ್ರ ಇದೆ. 1830ರ ದಶಕದಲ್ಲಿ ಜನ ಅಲ್ಲಿ ಮನೆ ಮಾಡಿ ನೆಲೆಸಿದರು. ಅವರ ಜೊತೆ ಹಂದಿ, ಮೇಕೆ, ಬೆಕ್ಕು, ನಾಯಿ ಬಂದವು. ಕೆಲವು ಹಂದಿಗಳು ಕಾಡು ಸೇರಿ ಕಾಡುಹಂದಿಗಳೇ ಆದವು.

ಹಂದಿಯ ಮೂಗು ನೋಡಿದ್ದೀರಲ್ಲ? ನೆಲ ಉತ್ತು ಎಲ್ಲವನ್ನೂ ಹೊರಗೆಳೆಯುವ ಮೂಗು. ವುಡ್‌ಹೆನ್ ಗೂಡು ಕಟ್ಟುವುದು ನೆಲದಲ್ಲಿ. ಹಂದಿ ಮೊಟ್ಟೆಯನ್ನೂ ತಿಂದಿತು, ಕಾವಿಗೆ ಕೂತ ತಾಯಿಯನ್ನೂ ತಿಂದಿತು. 19ನೇ ಶತಮಾನದ ಮಧ್ಯದ ಹೊತ್ತಿಗೇ ತಗ್ಗಿನ ಕಾಡುಗಳಲ್ಲಿ ಈ ಹಕ್ಕಿ ಕಾಣದಾಗಿ, ಬೆಟ್ಟಗಳ ಕಡೆ ಮಾತ್ರ ಉಳಿದಿತ್ತು. 1970ರ ದಶಕದಲ್ಲಿ ವಿಜ್ಞಾನಿಗಳು ಹೋಗಿ ಎಣಿಸಿದಾಗ ಇಡೀ ಜಗತ್ತಿನಲ್ಲಿ ಉಳಿದದ್ದು 30ರ ಒಳಗೆ. ಅವೂ ಹೆಚ್ಚಿನವು ಮೌಂಟ್ ಗೌವರ್ ನೆತ್ತಿಯ ಮೇಲೆ, ಮಂಜು ಮುಸುಕಿದ ಪಾಚಿಗಾಡಿನ ಒಂದು ತುಂಡಿನಲ್ಲಿ.

ನೆತ್ತಿಯ ಮೇಲೇ ಯಾಕೆ? ಆ ಹಕ್ಕಿಗೆ ಅಲ್ಲಿನ ಚಳಿ, ಮಂಜು ಇಷ್ಟವೇ? ಅಲ್ಲ. ಆಗಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಕಲ್ಲಿನ ಗೋಡೆ! ಹಂದಿಗೆ ಅದನ್ನು ಹತ್ತಲು ಆಗಲಿಲ್ಲ. ಯಾವುದೇ ಜೀವಿ ಅಪರೂಪವಾದ ಮೇಲೆ ಅದು ಉಳಿದಿರುವ ಜಾಗವನ್ನೇ ನೋಡಿ, ‘ಇದಕ್ಕೆ ಇಂಥ ಜಾಗವೇ ಬೇಕು’ ಎಂದುಕೊಂಡರೆ ಮೋಸಹೋಗುತ್ತೇವೆ. ಅದು ಬಯಸಿ ಹೋದ ಜಾಗ ಬೇರೆ, ಅಟ್ಟಿಸಿಕೊಂಡು ಹೋಗಿ ಸೇರಿದ ಜಾಗ ಬೇರೆ. ಈ ಒಂದು ಮಾತನ್ನು ಅರ್ಥ ಮಾಡಿಕೊಂಡದ್ದರಿಂದಲೇ ವುಡ್‌ಹೆನ್ ಉಳಿಯಿತು ಎಂದು ನನಗೆ ಅನ್ನಿಸುತ್ತದೆ.

ಇನ್ನು ಇಲಿಗಳ ಕತೆ. 1918ರ ಜೂನ್ ತಿಂಗಳಲ್ಲಿ ಮಕಾಂಬೊ ಎಂಬ ಹಡಗು ದ್ವೀಪದ ಹತ್ತಿರ ಬಂಡೆಗೆ ತಾಗಿ ನಿಂತುಬಿಟ್ಟಿತು. ಅದನ್ನು ದುರಸ್ತಿ ಮಾಡುವ ಹೊತ್ತಿಗೆ ಹಡಗಿನಲ್ಲಿದ್ದ ಇಲಿಗಳು ದಡ ಸೇರಿದ್ದವು. ಹಂದಿಗೂ ಇಲಿಗೂ ಇರುವ ವ್ಯತ್ಯಾಸ ಯೋಚಿಸಿ. ಹಂದಿ ದೊಡ್ಡದು, ಕಣ್ಣಿಗೆ ಕಾಣುತ್ತದೆ, ಗೋಡೆ ಹತ್ತುವುದಿಲ್ಲ. ಇಲಿ ಚಿಕ್ಕದು, ರಾತ್ರಿ ಓಡಾಡುತ್ತದೆ, ಮರ ಹತ್ತುತ್ತದೆ, ಪೊಟರೆಗೆ ನುಗ್ಗುತ್ತದೆ, ಬೆಟ್ಟದ ನೆತ್ತಿಗೂ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಆ ದ್ವೀಪದ ಐದು ಬಗೆಯ ಹಾಡುವ ಹಕ್ಕಿಗಳು ಪೂರ್ತಿ ಅಳಿದವು. ಪೊಟರೆಯಲ್ಲಿ ಒತ್ತಿಕೊಂಡು ಮಲಗುವ ಕಡ್ಡಿಹುಳುಗಳಿಗಂತೂ ಅಡಗಲು ಒಂದು ಮೂಲೆಯೂ ಉಳಿಯಲಿಲ್ಲ. 1920ರ ಸುಮಾರಿಗೆ ಕೊನೆಯ ಸಲ ಕಂಡದ್ದು. ಆಮೇಲೆ ಇಲ್ಲ. ವಿಜ್ಞಾನಿಗಳು ಅದರ ಹೆಸರನ್ನು ಅಳಿದ ಜೀವಿಗಳ ಪಟ್ಟಿಗೆ ಸೇರಿಸಿದರು.

ಗಮನಿಸಿ ಮಕ್ಕಳೇ, ವುಡ್‌ಹೆನ್ ಇಲಿಗೆ ಸೋಲಲಿಲ್ಲ. ಗಟ್ಟಿ ಕೊಕ್ಕಿನ ಆ ಹಕ್ಕಿ ಇಲಿಯನ್ನು ಎದುರಿಸಬಲ್ಲದು. ಅದಕ್ಕೆ ಹಂದಿ ಯಮ. ಕಡ್ಡಿಹುಳುವಿಗೆ ಇಲಿ ಯಮ. ಹಕ್ಕಿಗೆ ಹಂದಿ ಹತ್ತಲಾರದ ಬೆಟ್ಟವೊಂದು ಇತ್ತು. ಇಲಿ ಹತ್ತಲಾರದ ಬೆಟ್ಟ ಆ ದ್ವೀಪದಲ್ಲಿ ಇರಲಿಲ್ಲ. ಹುಳುವಿಗೆ ಇಲಿ ಬರಲಾರದ ಜಾಗ ಬೇಕಾದರೆ ನಡುವೆ ಸಮುದ್ರವೇ ಇರಬೇಕಿತ್ತು.

ಅಂಥ ಜಾಗ ಒಂದಿತ್ತು! ಲಾರ್ಡ್ ಹೌ ದ್ವೀಪದಿಂದ 23 ಕಿಲೋಮೀಟರ್ ದೂರದಲ್ಲಿ, ನಡುಸಮುದ್ರದಲ್ಲಿ ಒಂಟಿ ಬಂಡೆಯೊಂದು ಚೂಪಾಗಿ ಎದ್ದು ನಿಂತಿದೆ. ಹೆಸರು ಬಾಲ್ಸ್ ಪಿರಮಿಡ್. ಎತ್ತರ 562 ಮೀಟರ್. ಸಮುದ್ರದಲ್ಲಿ ಹೀಗೆ ಒಂಟಿಯಾಗಿ ನಿಂತ ಬಂಡೆಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ದೋಣಿ ಕಟ್ಟಲು ದಡವಿಲ್ಲ. ಹತ್ತಬೇಕೆಂದರೆ ಅಲೆಯ ಹೊಯ್ದಾಟದಲ್ಲಿ ದೋಣಿಯಿಂದ ಬಂಡೆಗೆ ಹಾರಬೇಕು. ಮರವಿಲ್ಲ, ಕಾಡಿಲ್ಲ, ಅಲ್ಲೊಂದು ಇಲ್ಲೊಂದು ಕುರುಚಲು ಪೊದೆ, ಮೇಲೆಲ್ಲ ಕಡಲಹಕ್ಕಿಗಳು. ಅದನ್ನು ಹತ್ತಲು 1964ರಲ್ಲಿ ಹೋದವರು ಅಲ್ಲಿ ಸತ್ತ ಕಡ್ಡಿಹುಳುವೊಂದನ್ನು ಕಂಡಿದ್ದರು. ಎಲೆ ತಿನ್ನುವ, ರೆಕ್ಕೆ ಇಲ್ಲದ, ಪೊಟರೆಯಲ್ಲಿ ಮಲಗುವ ಹುಳು ಬೋಳು ಬಂಡೆಯ ಮೇಲೆ ಹೇಗೆ ಬದುಕೀತು? ಹೆಚ್ಚಿನವರಿಗೆ ನಂಬಿಕೆ ಬರಲಿಲ್ಲ.

2001ರ ಫೆಬ್ರವರಿಯಲ್ಲಿ ಡೇವಿಡ್ ಪ್ರಿಡೆಲ್, ನಿಕೋಲಸ್ ಕಾರ್ಲೈಲ್ ಎಂಬ ಇಬ್ಬರು ವಿಜ್ಞಾನಿಗಳು ಜೊತೆಗಾರರೊಂದಿಗೆ ಆ ಬಂಡೆಗೆ ಹೋದರು. ಈ ಸುದ್ದಿ ನಿಜವೋ ಸುಳ್ಳೋ ಒಮ್ಮೆ ತೀರ್ಮಾನವಾಗಲಿ ಎಂದೇ ಹೊರಟಿದ್ದರು. ಹಗಲಲ್ಲಿ ಹತ್ತಿ ಹುಡುಕಿದರೆ ದೊಡ್ಡ ಮಿಡತೆಯ ಜಾತಿಯ ಕೀಟಗಳು ಮಾತ್ರ ಕಂಡವು. ಇಳಿಯುವಾಗ ಬಂಡೆಯ ಸಂದಿನಲ್ಲಿ ನೀರು ಜಿನುಗುವ ಕಡೆ ಒಂದು ಪೊದೆ ಕಂಡಿತು. ಅದು ಮೆಲಲೂಕಾ ಎಂಬ ಗಿಡ. ನಮ್ಮ ನೇರಳೆ, ಸೀಬೆ, ಉದ್ಯಾನದ ಬಾಟಲ್ ಬ್ರಷ್ ಎಲ್ಲ ಸೇರುವ ಕುಟುಂಬದ್ದೇ. ಪೊದೆಯ ಬುಡದಲ್ಲಿ ಹಿಕ್ಕೆ ಬಿದ್ದಿತ್ತು. ದೊಡ್ಡ ಹಿಕ್ಕೆ, ಹೊಸದು. ಮಿಡತೆಯದಾಗಲು ಸಾಧ್ಯವೇ ಇಲ್ಲ.

ಇಲ್ಲಿ ವಿಜ್ಞಾನಿಗಳ ಬುದ್ಧಿ ಹೇಗೆ ಓಡಿತು ನೋಡಿ. ಹಿಕ್ಕೆ ಇದೆ, ಹುಳು ಇಲ್ಲ. ಕಡ್ಡಿಹುಳು ಹೊರಗೆ ಬರುವುದು ರಾತ್ರಿ. ಹಾಗಾದರೆ ನಾವೂ ರಾತ್ರಿಯೇ ಬರಬೇಕು! ಅಂಥ ಬಂಡೆಯನ್ನು ಹಗಲಲ್ಲಿ ಹತ್ತುವುದೇ ಎದೆಗಾರಿಕೆಯ ಮಾತು. ಕಾರ್ಲೈಲ್, ಆ ದ್ವೀಪದ ಅರಣ್ಯ ರಕ್ಷಕರೊಬ್ಬರ ಜೊತೆ ಟಾರ್ಚು ಹಿಡಿದು ಕತ್ತಲಲ್ಲಿ ಮತ್ತೆ ಹತ್ತಿದರು. ಪೊದೆಯ ಮೇಲೆ ಬೆಳಕು ಬಿಟ್ಟಾಗ ಕಪ್ಪಗೆ ಹೊಳೆಯುತ್ತ, ಎಂಬತ್ತು ವರ್ಷ ಯಾರೂ ಜೀವಂತ ನೋಡದ ಹುಳುಗಳು ಎಲೆ ಮೇಯುತ್ತಿದ್ದವು. ಆಮೇಲೆ ಚೆನ್ನಾಗಿ ಎಣಿಸಿದಾಗ ಸಿಕ್ಕ ಸಂಖ್ಯೆ 24. ಇಡೀ ಜಗತ್ತಿನ ಲೆಕ್ಕ ಅದು, ಒಂದೇ ಬಂಡೆಯ ಕೆಲವು ಪೊದೆಗಳಲ್ಲಿ.

ರೆಕ್ಕೆ ಇಲ್ಲದ ಹುಳು ಸಮುದ್ರ ದಾಟಿದ್ದು ಹೇಗೆ ಎಂದು ನೀವು ಕೇಳುತ್ತೀರಿ, ಕೇಳಬೇಕಾದದ್ದೇ. ತೇಲುವ ಕೊಂಬೆಯ ಮೇಲೆ ಬಂತೇ, ಕಡಲಹಕ್ಕಿ ಗೂಡಿಗೆಂದು ಕೊಂಡೊಯ್ದ ಕಸಕಡ್ಡಿಯಲ್ಲಿ ಮೊಟ್ಟೆ ಸೇರಿತ್ತೇ, ಮೀನುಗಾರರ ಗಾಳದ ಡಬ್ಬಿಯಿಂದ ತಪ್ಪಿಸಿಕೊಂಡಿತೇ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಾರೆ. ನಿಮಗೆ ಯಾವುದು ಸರಿ ಅನ್ನಿಸುತ್ತದೆ, ಯಾಕೆ ಎಂದು ಗೆಳೆಯರ ಜೊತೆ ವಾದ ಮಾಡಿ ನೋಡಿ.

ಈಗ ಉಳಿಸುವ ಕೆಲಸಕ್ಕೆ ಬರೋಣ. ಹಕ್ಕಿಯದು ಮೊದಲು ನಡೆಯಿತು. ಹಂದಿಯೇ ಮುಖ್ಯ ಶತ್ರು ಎಂದು ಖಚಿತವಾದ ಮೇಲೆ ದ್ವೀಪದ ಕಾಡುಹಂದಿಗಳನ್ನು ಪೂರ್ತಿ ತೆಗೆದರು. ಕಾಡು ಸೇರಿದ್ದ ಬೆಕ್ಕುಗಳನ್ನೂ ತೆಗೆದರು. ಅದೇ ಸಮಯಕ್ಕೆ, 1980ರಲ್ಲಿ, ಮೌಂಟ್ ಗೌವರ್ ಮೇಲಿಂದ ಮೂರು ಜೋಡಿ ವುಡ್‌ಹೆನ್‌ಗಳನ್ನು ಹೆಲಿಕಾಪ್ಟರಿನಲ್ಲಿ ಕೆಳಕ್ಕೆ ತಂದು, ದ್ವೀಪದಲ್ಲೇ ಕಟ್ಟಿದ ದೊಡ್ಡ ಬಲೆಮನೆಯಲ್ಲಿ ಸಾಕಿದರು. ಉಳಿದಿರುವುದೇ ಮೂವತ್ತರ ಒಳಗೆ, ಅದರಲ್ಲಿ ಆರನ್ನು ಹಿಡಿದು ತರುವುದೆಂದರೆ! ಸತ್ತುಹೋದರೆ? ಆ ಭಯ ಎಲ್ಲರಿಗೂ ಇತ್ತು. ಆದರೆ ಹಕ್ಕಿಗಳು ಚೆನ್ನಾಗಿ ಹೊಂದಿಕೊಂಡವು. ಮೊಟ್ಟೆ ಇಟ್ಟವು, ಅಪ್ಪ ಅಮ್ಮ ಇಬ್ಬರೂ ಸರದಿಯಲ್ಲಿ ಕಾವಿಗೆ ಕೂತವು, ಮರಿಗಳನ್ನು ಬೆನ್ನ ಹಿಂದೆ ಕರೆದುಕೊಂಡು ಮೇಯಿಸಿದವು. ನಾಲ್ಕು ವರ್ಷಗಳಲ್ಲಿ 80ಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿ ಕಾಡಿಗೆ ಬಿಟ್ಟರು. ಬಿಟ್ಟದ್ದು ಎಲ್ಲಿಗೆ? ತಗ್ಗಿನ ಕಾಡುಗಳಿಗೂ. ನೂರು ವರ್ಷಕ್ಕೂ ಹಿಂದೆ ಅವುಗಳ ಪೂರ್ವಜರು ಓಡಾಡಿದ್ದ ತಾಳೆಮರಗಳ ನೆರಳಿಗೆ. ಅಲ್ಲಿ ಅವು ಬೆಟ್ಟದ ನೆತ್ತಿಗಿಂತ ಸುಖವಾಗಿಯೇ ಬೆಳೆದವು. ಸಂಖ್ಯೆ ಇನ್ನೂರರ ಆಸುಪಾಸಿಗೆ ಏರಿತು.

ಹುಳುವಿನ ವಿಷಯ ಇಷ್ಟು ಸಲೀಸಾಗಲಿಲ್ಲ. ಹಕ್ಕಿ ಸಾಕುವುದು ಮನುಷ್ಯರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಏನು ತಿನ್ನುತ್ತದೆ, ಕಾಯಿಲೆ ಬಿದ್ದರೆ ಹೇಗಿರುತ್ತದೆ, ಮರಿಗೆ ಏನು ಕೊಡಬೇಕು ಎಂದು ಊಹಿಸಬಹುದು. ಈ ಕಡ್ಡಿಹುಳುವನ್ನು ಸಾಕಿದವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಬಂಡೆಯಿಂದ ಹುಳು ತೆಗೆಯಲು ಅನುಮತಿ ಸಿಕ್ಕಿ ಮತ್ತೆ ಅಲ್ಲಿಗೆ ಹೋಗುವಾಗ ಎರಡು ವರ್ಷ ಕಳೆದಿತ್ತು. ಆ ನಡುವೆ ಪೊದೆಯ ಹತ್ತಿರ ಬಂಡೆ ಕುಸಿದಿತ್ತು. ಹುಳುಗಳು ಉಳಿದಿದ್ದು ಅದೃಷ್ಟ. 2003ರ ಫೆಬ್ರವರಿಯಲ್ಲಿ ಎರಡು ಜೋಡಿಗಳನ್ನು ತಂದರು. ಒಂದು ಜೋಡಿ ಸಿಡ್ನಿಯ ಕೀಟ ಸಾಕಣೆಗಾರರೊಬ್ಬರ ಬಳಿಗೆ ಹೋಯಿತು, ಇನ್ನೊಂದು ಮೆಲ್ಬರ್ನ್ ಮೃಗಾಲಯಕ್ಕೆ. ಸಿಡ್ನಿಯ ಜೋಡಿ ಎರಡೇ ವಾರದಲ್ಲಿ ಸತ್ತಿತು.

ಮೆಲ್ಬರ್ನಿನ ಜೋಡಿಗೆ ಆಡಂ, ಈವ್ ಎಂದು ಹೆಸರಿಟ್ಟಿದ್ದರು. ಈವ್ ಮೊಟ್ಟೆ ಇಡಲು ಶುರುಮಾಡಿದ್ದಳು, ಆದರೆ ಕಾಯಿಲೆ ಬಿದ್ದಳು. ಮೈ ಮುದುಡಿಕೊಂಡು ಅಲ್ಲಾಡದೆ ಬಿದ್ದುಬಿಟ್ಟಳು. ಮೃಗಾಲಯದಲ್ಲಿ ಕೀಟಗಳನ್ನು ನೋಡಿಕೊಳ್ಳುತ್ತಿದ್ದ ಪ್ಯಾಟ್ರಿಕ್ ಹೋನನ್ ಅವರು ಕ್ಯಾಲ್ಸಿಯಂ, ಮಕರಂದ ಮುಂತಾದವನ್ನು ಬೆರೆಸಿ ಒಂದು ಪಾಕ ಮಾಡಿ, ಅಂಗೈ ಮೇಲೆ ಅವಳನ್ನು ಮಲಗಿಸಿಕೊಂಡು ಹನಿಹನಿಯಾಗಿ ಕುಡಿಸಿದರು. ಕೀಟದ ವೈದ್ಯ ಎಂಬವರು ಇರಲಿಲ್ಲ, ಓದಿ ನೋಡಲು ಪುಸ್ತಕವೂ ಇರಲಿಲ್ಲ. ಈವ್ ಚೇತರಿಸಿಕೊಂಡಳು! ಮತ್ತೆ ಮೊಟ್ಟೆ ಇಟ್ಟಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊದಲ ಮರಿ ಹೊರಬಂತು. ಇವತ್ತು ಮೆಲ್ಬರ್ನಿನಲ್ಲಿ, ಬೇರೆ ದೇಶಗಳ ಕೆಲವು ಮೃಗಾಲಯಗಳಲ್ಲಿ ಹುಟ್ಟಿ ಬೆಳೆದ ಸಾವಿರಾರು ಕಡ್ಡಿಹುಳುಗಳು ಆ ಒಂದು ಜೋಡಿಯ ಸಂತಾನ. ಒಂದು ಹುಳುವಿನ ಬಾಯಿಗೆ ಹನಿ ಬಿಡುತ್ತ ಕೂತ ಆ ಮನುಷ್ಯರನ್ನು ನೆನೆದಾಗ ನನ್ನ ಮನಸ್ಸು ತುಂಬಿ ಬರುತ್ತದೆ.

ಸಂಖ್ಯೆಗಳನ್ನು ಹೋಲಿಸಿ ನೋಡಿ. ಮೂರು ಜೋಡಿ ಹಕ್ಕಿಗಳಿಂದ ನಾಲ್ಕು ವರ್ಷದಲ್ಲಿ ಎಂಬತ್ತು ಚಿಲ್ಲರೆ. ಒಂದೇ ಜೋಡಿ ಹುಳುವಿನಿಂದ ಕೆಲವು ವರ್ಷಗಳಲ್ಲಿ ಸಾವಿರಾರು. ಹಕ್ಕಿ ಒಂದು ಸಲಕ್ಕೆ ಒಂದರಿಂದ ನಾಲ್ಕು ಮೊಟ್ಟೆ ಇಟ್ಟು, ಸುಮಾರು ಮೂರು ವಾರ ಕಾವು ಕೊಟ್ಟು, ಹುಟ್ಟಿದವನ್ನು ಕಾಯುತ್ತದೆ. ಮೊಟ್ಟೆ ಕಡಿಮೆ, ಆರೈಕೆ ಹೆಚ್ಚು. ಕಡ್ಡಿಹುಳು ಬಾಲದ ತುದಿಯನ್ನು ಮಣ್ಣಿಗೆ ಚುಚ್ಚಿ ಮೊಟ್ಟೆ ಹುದುಗಿಸಿ ಹೊರಟುಹೋಗುತ್ತದೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಹುದು. ಮೊಟ್ಟೆ ಒಡೆಯಲು ಆರು ತಿಂಗಳಿಗೂ ಹೆಚ್ಚು ಬೇಕು. ಅಷ್ಟು ಹೊತ್ತಿಗೆ ಅಮ್ಮ ಎಲ್ಲೋ! ಗಂಡು ಸಿಗದಿದ್ದರೆ ಹೆಣ್ಣು ಒಂಟಿಯಾಗಿಯೂ ಮೊಟ್ಟೆ ಇಟ್ಟು ಮರಿ ಮಾಡಬಲ್ಲದು. ಹಕ್ಕಿಗೆ ಆ ಉಪಾಯ ಇಲ್ಲ.

ಇನ್ನೊಂದು ಚೆಂದದ ಸಂಗತಿ. ಚಿಟ್ಟೆಯ ಹಾಗೆ ಕಂಬಳಿಹುಳುವಾಗಿ, ಗೂಡು ಕಟ್ಟಿ, ಬೇರೆ ರೂಪದಲ್ಲಿ ಹೊರಬರುವ ಪದ್ಧತಿ ಕಡ್ಡಿಹುಳುವಿಗಿಲ್ಲ. ಮೊಟ್ಟೆಯಿಂದ ಬರುವಾಗಲೇ ಆರು ಕಾಲಿನ ಪುಟ್ಟ ಕಡ್ಡಿಹುಳು. ಮೊಟ್ಟೆಗಿಂತ ಎಷ್ಟೋ ಉದ್ದದ ಮೈಯನ್ನು ಒಳಗೆ ಮಡಚಿಕೊಂಡಿದ್ದು, ಬಿಚ್ಚಿಕೊಂಡು ಹೊರಗೆ ಬರುತ್ತದೆ. ಬಣ್ಣ ಎಳೆ ಹಸಿರು. ಆ ವಯಸ್ಸಿನಲ್ಲಿ ಅದು ಹಗಲಲ್ಲೇ ಎಲೆಗಳ ನಡುವೆ ಓಡಾಡುತ್ತದೆ. ಹಸಿರು ಎಲೆಯಲ್ಲಿ ಹಸಿರು ಮರಿ ಕಾಣುವುದಿಲ್ಲವಲ್ಲ. ಪೊರೆ ಬಿಡುತ್ತ ಬೆಳೆದಂತೆ ಮೈ ಕಪ್ಪಾಗುತ್ತದೆ, ಹಗಲು ಬಿಟ್ಟು ರಾತ್ರಿಗೆ ಹೊಂದಿಕೊಳ್ಳುತ್ತದೆ. ಗಂಡು ಹೆಣ್ಣು ಪಕ್ಕಪಕ್ಕ ಮಲಗಿ, ಗಂಡು ತನ್ನ ಕಾಲುಗಳನ್ನು ಹೆಣ್ಣಿನ ಮೇಲೆ ಹಾಕಿಕೊಂಡು ನಿದ್ದೆ ಮಾಡುವುದನ್ನು ಮೃಗಾಲಯದವರು ನೋಡಿದ್ದಾರೆ.

ಒಂದು ಅನುಮಾನ ಮಾತ್ರ ಬಹಳ ದಿನ ಕಾಡಿತು. ಮ್ಯೂಸಿಯಂನಲ್ಲಿ ಇಟ್ಟಿದ್ದ ಹಳೆಯ ದ್ವೀಪದ ಹುಳುಗಳಿಗೂ ಬಂಡೆಯಲ್ಲಿ ಸಿಕ್ಕವಕ್ಕೂ ನೋಟದಲ್ಲಿ ಸ್ವಲ್ಪ ವ್ಯತ್ಯಾಸವಿತ್ತು. ಇದು ಅದೇ ಜಾತಿಯೇ, ಬೇರೆಯೇ? 2017ರಲ್ಲಿ ಎರಡರ ಡಿಎನ್‌ಎಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇರಲಿಲ್ಲ. ಅದೇ ಹುಳು! ನೂರು ವರ್ಷದ ಹಿಂದೆ ಯಾರೋ ಗುಂಡುಸೂಜಿ ಚುಚ್ಚಿ ಜೋಪಾನವಾಗಿ ಇಟ್ಟ ಒಣ ಕೀಟಗಳು ಇಷ್ಟು ವರ್ಷಗಳ ಮೇಲೆ ಸಾಕ್ಷಿ ಹೇಳಿದವು.

ಹಂದಿ ತೆಗೆದದ್ದಾಯಿತು, ಇಲಿಯನ್ನು ತೆಗೆಯುವುದು ಹೇಗೆ? ಒಂದು ಗರ್ಭಿಣಿ ಇಲಿ ಉಳಿದರೂ ಎಲ್ಲ ಮೊದಲಿನಿಂದ. ಅದಕ್ಕೆ ವರ್ಷಗಟ್ಟಲೆ ಯೋಜನೆ ಮಾಡಿ, ದ್ವೀಪದ ಜನರ ಜೊತೆ ವಾದ ವಿವಾದ ಮಾಡಿ, ಕೊನೆಗೆ 2019ರಲ್ಲಿ, ಮಕಾಂಬೊ ಹಡಗು ಬಂಡೆಗೆ ತಾಗಿ 101 ವರ್ಷಗಳಾದ ಮೇಲೆ, ಇಡೀ ದ್ವೀಪಕ್ಕೆ ಇಲಿಪಾಷಾಣ ಹಾಕಿದರು. ಧಾನ್ಯದ ಉಂಡೆಗಳಲ್ಲಿ ವಿಷ ಬೆರೆಸಿ, ಸುಮಾರು 42 ಟನ್. ಊರಿನ ಕಡೆ ಸಾವಿರಾರು ಪೆಟ್ಟಿಗೆಗಳಲ್ಲಿ, ಬೆಟ್ಟಗಳ ಮೇಲೆ ಹೆಲಿಕಾಪ್ಟರಿನಿಂದ.

ಇಲ್ಲಿಗೆ ಬಂದಾಗ ಹಕ್ಕಿಯ ಕತೆಯೂ ಹುಳುವಿನ ಕತೆಯೂ ಒಂದಕ್ಕೊಂದು ತಾಕುತ್ತವೆ. ವುಡ್‌ಹೆನ್ ನೆಲದಲ್ಲಿ ಏನು ಬಿದ್ದಿದ್ದರೂ ಕುಕ್ಕಿ ನೋಡುವ ಹಕ್ಕಿ. ಆ ಉಂಡೆ ಕಂಡರೆ ಬಿಡುತ್ತದೆಯೇ? ಹುಳುವಿನ ಮನೆ ಮರಳಿ ಕೊಡಿಸಲು ಹೋಗಿ ಹಕ್ಕಿಯನ್ನೇ ಕೊಂದ ಹಾಗಾಗುತ್ತಿತ್ತು. ಅದಕ್ಕಾಗಿ ವಿಷ ಹಾಕುವ ಮೊದಲು ಇನ್ನೂರಕ್ಕೂ ಹೆಚ್ಚು ವುಡ್‌ಹೆನ್‌ಗಳನ್ನು, ಅಂದರೆ ಇದ್ದವುಗಳಲ್ಲಿ ಬಹುಪಾಲನ್ನು, ಹಿಡಿದು ಬಲೆಮನೆಗಳಲ್ಲಿ ಇಟ್ಟು ತಿಂಗಳುಗಟ್ಟಲೆ ಸಾಕಿದರು. ವಿಷ ಕರಗಿ ಅಪಾಯ ಕಳೆದ ಮೇಲೆ ಹೊರಗೆ ಬಿಟ್ಟರು. ಇಲಿ ತಿಂದು ಮುಗಿಸುತ್ತಿದ್ದ ಬೀಜ, ಹಣ್ಣು, ಬಸವನಹುಳು, ಕೀಟಗಳು ಆಗ ನೆಲದ ತುಂಬ. ವುಡ್‌ಹೆನ್‌ಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾಯಿತು. ಹಂದಿಯಷ್ಟೇ ಶತ್ರು ಎಂದುಕೊಂಡಿದ್ದ ಹಕ್ಕಿಗೂ ಇಲಿ ಹೋದದ್ದರಿಂದ ಇಷ್ಟು ಲಾಭವಾಯಿತು. ಇಲಿ ಅದನ್ನು ಕೊಲ್ಲುತ್ತಿರಲಿಲ್ಲ, ಅದರ ಊಟ ಕಸಿಯುತ್ತಿತ್ತು.

‘ಹಕ್ಕಿ ಸರಿ, ಹುಳು ಉಳಿಸಿ ಏನು ಪ್ರಯೋಜನ?’ ಎಂದು ದೊಡ್ಡವರು ಕೆಲವರು ಕೇಳುತ್ತಾರೆ. ಹಕ್ಕಿ ಎಲ್ಲರ ಕಣ್ಣಿಗೆ ಚೆಂದ, ಹುಳುವೆಂದರೆ ಹಲವರಿಗೆ ಅಸಹ್ಯ. ಆದರೆ ರಾತ್ರಿಯೆಲ್ಲ ಎಲೆ ತಿಂದು ಹಿಕ್ಕೆ ಹಾಕುವ ಹುಳು ಮರದ ಮೇಲಿನದನ್ನು ಮತ್ತೆ ಮಣ್ಣಿಗೆ ಇಳಿಸುತ್ತದೆ. ಅದರ ಮೊಟ್ಟೆ, ಮರಿ ಇನ್ನೊಬ್ಬರಿಗೆ ಆಹಾರ. ಬಹುಶಃ ತರಗೆಲೆ ಕೆದಕುವ ವುಡ್‌ಹೆನ್‌ಗೂ ಆಗಾಗ ಸಿಕ್ಕಿದ್ದಿರಬೇಕು. ಹಾಗೆ ತಿನ್ನಿಸಿಕೊಂಡೂ ಅವು ಲಕ್ಷಾಂತರ ವರ್ಷ ಬದುಕಿದವು. ಜೊತೆಗೇ ಬೆಳೆದ ಶತ್ರುವಿನ ಎದುರು ಬದುಕಲು ಬೇಕಾದಷ್ಟು ಮೊಟ್ಟೆ ಇಡುವುದು ಅವಕ್ಕೆ ಗೊತ್ತಿತ್ತು. ಹಡಗಿನಿಂದ ಇಳಿದ ಶತ್ರುವಿಗೆ ಉತ್ತರ ಕಲಿಯಲು ಅವಕ್ಕೆ ಎರಡು ವರ್ಷವೂ ಸಿಗಲಿಲ್ಲ.

ಇನ್ನೊಂದು ಮಾತು. ಕೆಲವೇ ಜೋಡಿಗಳಿಂದ ಬೆಳೆದ ವಂಶದಲ್ಲಿ ಎಲ್ಲರೂ ಹತ್ತಿರದ ಬಂಧುಗಳೇ. ಒಂದೇ ಕಾಯಿಲೆ ಬಂದರೆ ಎಲ್ಲಕ್ಕೂ ತಗಲುವ ಅಪಾಯ ಇರುತ್ತದೆ. ಈ ಕೊರತೆ ಹಕ್ಕಿಗೂ ಇದೆ, ಹುಳುವಿಗೂ ಇದೆ. ಅದಕ್ಕೇ 2017ರಲ್ಲಿ ಮತ್ತೊಮ್ಮೆ ಬಾಲ್ಸ್ ಪಿರಮಿಡ್ ಹತ್ತಿ, ಹೊಸ ರಕ್ತ ಸೇರಲೆಂದು ಒಂದು ಹೆಣ್ಣು ಹುಳುವನ್ನು ಮೆಲ್ಬರ್ನಿಗೆ ತಂದರು. ಆ ಬಂಡೆಯ ಪೊದೆಗಳಿಗೂ ಕಾವಲು ಬೇಕು. ನಮ್ಮ ಬೇಲಿಗಳ ಮೇಲೂ ಹಬ್ಬುವ, ತುತ್ತೂರಿ ಆಕಾರದ ತಿಳಿನೇರಳೆ ಹೂವಿನ ಒಂದು ಬಳ್ಳಿ ಅಲ್ಲಿಗೂ ಹೋಗಿ ಮೆಲಲೂಕಾ ಪೊದೆಗಳನ್ನು ಮುಚ್ಚತೊಡಗಿತ್ತು. ಅದನ್ನು ಕೀಳಲು ಜನ ಅಂಥ ಬಂಡೆ ಹತ್ತುತ್ತಾರೆ, ಕಳೆ ಕೀಳಲು!

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಎರೆಭೂಮಿಯಲ್ಲಿ ಕಾಣುತ್ತಿದ್ದ ಎರೆಬೂತ ಹಕ್ಕಿ ಈಗ ದೇಶದಲ್ಲೇ ಬೆರಳೆಣಿಕೆಯ ಕಡೆ ಉಳಿದಿದೆ. ರಾಜಸ್ಥಾನದ ಜೈಸಲ್ಮೇರ್ ಬಳಿ 2019ರಿಂದ ಅದರ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿ ಸಾಕುತ್ತಿದ್ದಾರೆ. ಎರೆಬೂತ ಹಾರಬಲ್ಲ ಹಕ್ಕಿ, ಆದರೆ ಭಾರಿ ಮೈಯದು; ಹಾರುವ ದಾರಿಯ ವಿದ್ಯುತ್ ತಂತಿಗಳು ಅದಕ್ಕೆ ದೊಡ್ಡ ಆಪತ್ತು. ಮರಿ ಮಾಡಿದರಷ್ಟೇ ಸಾಲದು, ಬಿಡುವ ಜಾಗದಲ್ಲಿ ಆ ಆಪತ್ತು ಹೋಗಿರಬೇಕು. ಲಾರ್ಡ್ ಹೌ ದ್ವೀಪದಲ್ಲಿ ಮೊದಲು ಹಂದಿ ಹೋಯಿತು, ಆಮೇಲೆ ಹಕ್ಕಿ ಇಳಿಯಿತು.

ಕೆಂಪುಪಟ್ಟಿ ಎಂದು ಒಂದಿದೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಜಗತ್ತಿನ ವಿಜ್ಞಾನಿಗಳು ಸೇರಿ ಬರೆದಿಡುವ ಪಟ್ಟಿ. ಅದರಲ್ಲಿ ವುಡ್‌ಹೆನ್ ಅಪಾಯದ ಮಟ್ಟದಲ್ಲಿದೆ, ಕಡ್ಡಿಹುಳು ಇನ್ನೂ ತೀವ್ರ ಅಪಾಯದ ಮಟ್ಟದಲ್ಲಿದೆ. ಮೃಗಾಲಯದಲ್ಲಿ ಸಾವಿರಾರು ಇದ್ದರೂ ಕಾಡಿನ ಲೆಕ್ಕಕ್ಕೆ ಅವು ಬರುವುದಿಲ್ಲ. ಅವುಗಳನ್ನು ಲಾರ್ಡ್ ಹೌ ದ್ವೀಪದ ಮರಗಳಿಗೆ ಮರಳಿಸುವ ಕೆಲಸಕ್ಕೆ ಸಿದ್ಧತೆ ನಡೆದಿದೆ. ಅದಕ್ಕೆ ಇರುವ ಷರತ್ತು ಒಂದೇ, ದ್ವೀಪದಲ್ಲಿ ಒಂದು ಇಲಿಯೂ ಇರಬಾರದು.

2021ರಲ್ಲಿ ಎಲ್ಲರ ಎದೆ ಧಸಕ್ಕೆಂದಿತು. ಇಲಿ ಮುಗಿಯಿತು ಎಂದುಕೊಂಡಿದ್ದ ದ್ವೀಪದಲ್ಲಿ ಮತ್ತೆ ಇಲಿ ಕಾಣಿಸಿತು. ಕೂಡಲೇ ಬೋನು, ವಿಷ, ವಾಸನೆ ಹಿಡಿಯುವ ನಾಯಿಗಳು ಎಲ್ಲ ಹೊರಟವು, ಹುಡುಕಿ ಹುಡುಕಿ ತೆಗೆದರು. ಈಗಲೂ ಮುಖ್ಯಭೂಮಿಯ ಪೋರ್ಟ್ ಮಕ್ವಾರಿಯಿಂದ ಎರಡು ವಾರಕ್ಕೊಮ್ಮೆ ಸರಕಿನ ಹಡಗು ಬರುತ್ತದೆ. ಅಕ್ಕಿ, ಹಿಟ್ಟು, ಸಿಮೆಂಟು, ಆಟಿಕೆ, ಏನೇ ಬರಲಿ, ಇಲಿಯ ವಾಸನೆ ಕಲಿತ ನಾಯಿಗಳು ಅಲ್ಲಿ ಕೆಲಸಕ್ಕಿವೆ.